ಎಡೆಗೆ ಮೊದಲಿನ ಖಾರದಟ್ಟು

ಖಾರದಟ್ಟಿನ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ಮೊದಲ ವಾಕ್ಯ ತಾನಾಗಿಯೇ ಬಂದುಬಿಡುತ್ತದೆ: ಸಂಕ್ರಾಂತಿಯ ಚಳಿಯ ಬೆಳಗು, ಸೌದೆ ಒಲೆಯ ಹೊಗೆ, ಹೊಗೆಯ ನಡುವೆ ಅಮ್ಮ, ಅವಳ ಹಣೆಯ ಮೇಲೆ ಬೆವರು, ಕಾವಲಿಯ ಮೇಲೆ ಚುಂಯ್ ಎನ್ನುವ ದೋಸೆ. ಓದಿಕೊಂಡರೆ ಚೆನ್ನಾಗಿಯೇ ಇದೆ. ಚೆನ್ನಾಗಿರುವುದೇ ತೊಂದರೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಬೈರಕೂರಿನ ನಮ್ಮ ಮನೆಗೆ ಗ್ಯಾಸ್ ಒಲೆ ಬಂದಾಗಿತ್ತು. ಹಾಗಾದರೆ ಈ ಹೊಗೆ ಎಲ್ಲಿಯದು? ಸಂಕ್ರಾಂತಿಯ ಚಳಿಯಲ್ಲಿ ಬೆವರು ಹೇಗೆ ಬಂತು? ಯಾರದೋ ಅಮ್ಮನ ಹಣೆಯನ್ನು ತಂದು ನಮ್ಮಮ್ಮನಿಗೆ ಅಂಟಿಸಿದ್ದೇನೆ. ಹೊಡೆದುಹಾಕಿದೆ.

ಎರಡನೆಯ ಸಲ ಎಚ್ಚರದಿಂದ ಬರೆದೆ. ಗ್ಯಾಸಿನ ನೀಲಿ ಉರಿ, ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡ ಅಮ್ಮ, ಕೈಯಲ್ಲಿ ಮಗುಚುವ ಕೈ. ಇದು ನಿಜಕ್ಕೆ ಹತ್ತಿರವಿರಬಹುದು. ಆದರೆ ಇದನ್ನು ನಾನು ನೋಡಿದ್ದೆನೋ, ಹೀಗಿದ್ದಿರಬೇಕು ಎಂದು ಜೋಡಿಸಿಕೊಂಡೆನೋ ಹೇಳಲಾರೆ. ಖಂಡಿತವಾಗಿ ನೆನಪಿರುವುದು ಒಂದೇ, ಅದೂ ಬರವಣಿಗೆಗೆ ಏನೂ ಉಪಯೋಗಕ್ಕೆ ಬಾರದ್ದು: ಅಡಿಗೆಮನೆಯ ಹಸಿರು ಬಣ್ಣದ ಬಾಗಿಲು. ಮುಚ್ಚಿದ ಬಾಗಿಲು. ಅದರ ಮೇಲೆ ಬಡಿಯುತ್ತಿರುವ ನನ್ನ ಅಂಗೈ. ಹಬ್ಬದ ಬೆಳಿಗ್ಗೆ, ಹಸಿದ ಹೊಟ್ಟೆ. ಅಷ್ಟೇ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಹಾಗಾಗಿಯೇ ಇದನ್ನು ಇಟ್ಟುಕೊಂಡಿದ್ದೇನೆ.

ಖಾರದಟ್ಟು ಎಂದರೆ ಏನೆಂದು ಮೊದಲು ಹೇಳಿಬಿಡುವುದು ವಾಸಿ. ಅಟ್ಟು ಎಂದರೆ ತೆಲುಗಿನಲ್ಲಿ ದೋಸೆ. ಅಮ್ಮ ರಾಯಲ್ಪಾಡಿನವಳು, ಮದುವೆಯಾಗಿ ಬೈರಕೂರಿಗೆ ಬರುವಾಗ ಮಾತನ್ನೂ ತಂದಳು, ದೋಸೆಯನ್ನೂ ತಂದಳು. ನೆನೆಸಿದ ಅಕ್ಕಿಗೆ ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ಒಂದಿಷ್ಟು ಕಾಯಿತುರಿ ಹಾಕಿ ತರಿತರಿಯಾಗಿ ರುಬ್ಬಬೇಕು. ಏನನ್ನೂ ಹುರಿಯುವುದಿಲ್ಲ, ಒಗ್ಗರಣೆಯಿಲ್ಲ, ಹುಳಿ ಬರಿಸುವ ಗೋಜೂ ಇಲ್ಲ. ಸಂಕ್ರಾಂತಿ ಎಂದರೆ ನಮ್ಮ ಕಡೆ ಅವರೆಕಾಯಿಯ ಕಾಲ. ಕಾಳು ನೆನೆಸಿ ಸಿಪ್ಪೆ ಹಿಸುಕಿ ತೆಗೆದ ಹಿದುಕಿದ ಬೇಳೆಯನ್ನೂ ಹೆಚ್ಚಿದ ಸಬ್ಬಸಿಗೆ ಸೊಪ್ಪನ್ನೂ ಹಿಟ್ಟಿಗೆ ಕಲಸಬೇಕು. ಮಾಮೂಲಿ ದಿನ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿದರೆ, ಹಬ್ಬದ ದಿನ ಬದನೆಕಾಯಿಯ ತೊಟ್ಟಿನಲ್ಲಿ. ಹಿಟ್ಟನ್ನು ದಪ್ಪಗೆ ಹುಯ್ದು, ನಡುವೆ ಒಂದು ತೂತು ಮಾಡಿ, ಅದಕ್ಕೆ ಎಣ್ಣೆ ಬಿಟ್ಟು ಮುಚ್ಚಬೇಕು.

ಆ ತೂತಿನ ಬಗ್ಗೆ ನಾನು ಬೇಕಾದ್ದಕ್ಕಿಂತ ಹೆಚ್ಚು ಯೋಚಿಸಿದ್ದೇನೆ. ದಪ್ಪ ದೋಸೆಯ ನಡುಭಾಗ ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಆ ಭಾಗವನ್ನೇ ತೆಗೆದುಬಿಟ್ಟರೆ ತೊಂದರೆ ತೀರಿತು. ವಡೆ ಮಾಡುವವರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ದೋಸೆಯಲ್ಲಿ ಎಲ್ಲಕ್ಕಿಂತ ಗರಿಗರಿಯಾಗುವುದು ಈ ಇಲ್ಲದ ಭಾಗದ ಅಂಚು. ಇದರಿಂದ ಏನಾದರೂ ದೊಡ್ಡ ಮಾತು ಹೇಳಬಹುದೇ ಎಂದು ಬಹಳ ದಿನ ಹವಣಿಸಿದೆ. ಹೇಳಬಹುದು. ಆದರೆ ದೋಸೆ ಸೀದುಹೋಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಸಂಕ್ರಾಂತಿ, ಅಮ್ಮ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಹಬ್ಬ. ನಮ್ಮ ಮನೆಯಲ್ಲಿ ಸಂಕ್ರಾಂತಿಯ ಬೆಳಿಗ್ಗೆ ತಿಂಡಿಗೆ ಮುಂಚೆ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರ ಫೋಟೋದ ಮುಂದೆ ಬಾಳೆಯೆಲೆ ಹಾಸಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಮನೆಯವರೆಲ್ಲ ಆಚೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಬಂದು ತಿನ್ನುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಈ ತಟ್ಟುವುದು ನನಗೆ ಯಾವಾಗಲೂ ಇಷ್ಟ. ದೇವರ ಕೋಣೆಗೆ ಹೇಳದೆ ಕೇಳದೆ ನುಗ್ಗುವ ನಾವು ಸತ್ತವರ ತಿಂಡಿಯ ನಡುವೆ ಮಾತ್ರ ನುಗ್ಗುವುದಿಲ್ಲ.

ಎಡೆಗೆ ಎರಡು ಕಟ್ಟಳೆಗಳಿವೆ. ಅವರಿಗೆ ಇಷ್ಟವಾದದ್ದು ಎಲೆಯ ಮೇಲೆ ಇರಲೇಬೇಕು, ಇಲ್ಲದಿದ್ದರೆ ಬಂದವರು ಹಸಿದುಕೊಂಡೇ ಹಿಂದಿರುಗುತ್ತಾರೆ. ಎಡೆ ಇಡುವ ತನಕ ಮನೆಯಲ್ಲಿ ಯಾರೂ ರುಚಿ ನೋಡಬಾರದು, ಉಪ್ಪು ಸರಿಯಿದೆಯೇ ಎಂದು ಕೂಡ. ಎರಡನೆಯದಕ್ಕೆ ಅಮ್ಮನೇ ಪೊಲೀಸು. ಚಿಕ್ಕಂದಿನಲ್ಲಿ ಒಂದು ಚೂರು ಕಾಯಿ ಬಾಯಿಗೆ ಹಾಕಿಕೊಂಡಿದ್ದಕ್ಕೆ ಅಣ್ಣನಿಗೆ ಬಾಯಿ ಮುಕ್ಕಳಿಸಲು ಹೇಳಿ ಮತ್ತೆ ಸ್ನಾನ ಮಾಡಿಸಿದವಳು.

ಅಪ್ಪನ ಎಡೆ ಸುಲಭ. ಅಪ್ಪ ತನಗೇನು ಇಷ್ಟವೆಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡೇ ಬದುಕಿದವನು. ಖಾರದಟ್ಟು, ಹುಚ್ಚೆಳ್ಳಿನ ಚಟ್ನಿ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಒಂದು ವರ್ಷ ಬೆಂಕಿಪೊಟ್ಟಣ ಮರೆತು, ಎಳೆದ ಬಾಗಿಲನ್ನು ಅಣ್ಣ ಮತ್ತೆ ತೆಗೆದು, ಕ್ಷಮೆ ಕೇಳುವವನ ಹಾಗೆ ಬಗ್ಗಿ ಒಳಗೆ ಹೋಗಿ ಇಟ್ಟು ಬಂದ.

ಅಮ್ಮನಿಗೆ ಏನಿಡುವುದು?

ಹಬ್ಬದ ಹಿಂದಿನ ಸಂಜೆ ನಾನು ಕೋಲಾರದಿಂದ ಬಂದವಳು, ಅಣ್ಣ ಮತ್ತು ಅತ್ತಿಗೆಯ ಜೊತೆ ಅವರೆಕಾಳು ಹಿಸುಕುತ್ತಾ ಕುಳಿತಿದ್ದಾಗ ಈ ಮಾತು ಬಂತು.

"ಅಮ್ಮಂಗೆ ಖಾರದಟ್ಟು ಅಂದ್ರೆ ಪ್ರಾಣ ಕಣೇ. ಇಲ್ದಿದ್ರೆ ವರ್ಷ ವರ್ಷ ಹಂಗೆ ಮಾಡ್ತಿತ್ತಾ?" ಎಂದ ಅಣ್ಣ.

"ಮಾಡ್ತಿತ್ತು ಅಂದ್ರೆ ತಿಂತಿತ್ತು ಅಂತಾನಾ? ನೀನು ಒಂದ್ ಸಲನಾದ್ರೂ ನೋಡಿದ್ದೀಯೇನೋ ತಿನ್ನೋದು?"

ಅಣ್ಣ ಕಾಳು ಹಿಸುಕುವುದನ್ನು ನಿಲ್ಲಿಸಿ ಯೋಚಿಸಿದ. ಬೇಳೆ ಅವನ ಬೆರಳ ಸಂದಿಯಿಂದ ಜಾರಿ ಎಲ್ಲಿಗೋ ಹಾರಿತು. "ನಾನು ತಿನ್ನೋದು ಬಿಟ್ಟು ಬೇರೆಯವ್ರು ತಿನ್ನೋದು ಯಾಕೆ ನೋಡ್ಲಿ?" ಎಂದ. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ.

"ಎಲ್ರಿಗೂ ಹಾಕಾದ್ಮೇಲೆ ನಂಗೆ ಸಾಕು ಅಂತ ಒಂದ್ ಲೋಟ ಕಾಫಿ ಕುಡೀತಿದ್ರು ಅತ್ತೆ," ಎಂದಳು ಅತ್ತಿಗೆ. "ನಾನು ಈ ಮನೆಗೆ ಬಂದಾಗಿಂದ ಅದನ್ನೇ ನೋಡಿರೋದು. ಹಬ್ಬದ ದಿನ ಬೇಗ ಎದ್ದು ಸಹಾಯ ಮಾಡೋಣ ಅಂದ್ರೆ, ನೀನು ಎಣ್ಣೆ ಹಚ್ಕೊಂಡು ನೀರು ಹಾಕ್ಕೊಂಡು ನಿಧಾನಕ್ಕೆ ಬಾರಮ್ಮ ಅನ್ನೋರು."

ಎಲ್ಲರಿಗೂ ಬಡಿಸಿ ತಾನು ತಿನ್ನದ ತಾಯಿ. ಇಂಥ ತಾಯಿ ಭಾಷಣಗಳಲ್ಲಿ ಬಂದಾಗಲೆಲ್ಲ ನಾನು ಕುರ್ಚಿಯಲ್ಲಿ ಮಿಸುಕಾಡುತ್ತೇನೆ. ಇಷ್ಟು ಅಚ್ಚುಕಟ್ಟಾದ ಮನುಷ್ಯರು ಇರುವುದಿಲ್ಲ ಎಂದು ನನ್ನ ಗಟ್ಟಿ ನಂಬಿಕೆ. ಆ ಸಂಜೆ ಮಾತ್ರ ಒಪ್ಪಿಕೊಂಡುಬಿಟ್ಟೆ. ಒಪ್ಪಿಕೊಂಡದ್ದರಿಂದ ಭಯವಾಯಿತು. ಅಪ್ಪನ ಬೀಡಿಯ ಕಂಪನಿ ಗೊತ್ತಿರುವ ನಮಗೆ ಅಮ್ಮನ ನಾಲಿಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಬರುತ್ತಾಳೆ, ಎಲೆ ನೋಡುತ್ತಾಳೆ, ಎಂದಿನಂತೆ ನಂಗೆ ಸಾಕು ಎಂದು ಎದ್ದು ಹೋಗುತ್ತಾಳೆ. ಸತ್ತವರು ಬಂದು ತಿನ್ನುತ್ತಾರೆಂದು ನಾನು ನಂಬುತ್ತೇನೆಯೇ ಎಂದು ಕೇಳಬೇಡಿ. ಹಸಿದು ಹೋಗುತ್ತಾರೆ ಎಂಬುದನ್ನಂತೂ ನಂಬುತ್ತೇನೆ.

ಬೆಳಿಗ್ಗೆ ನಾನೂ ಅತ್ತಿಗೆಯೂ ಹಿಟ್ಟು ಕಲಸಿಟ್ಟು ಪಾತ್ರೆಯ ಎರಡು ಕಡೆ ನಿಂತಿದ್ದೆವು. ಕೋಲಾರದ ನನ್ನ ಬಾಡಿಗೆ ಮನೆಯಲ್ಲಿ ಈ ಅಟ್ಟನ್ನು ಎಷ್ಟೋ ಭಾನುವಾರ ಮಾಡಿ ಕೆಡಿಸಿದ್ದೇನೆ. ನವಣೆ ಹಾಕಿ ನೋಡಿದೆ, ಓಟ್ಸ್ ಹಾಕಿ ನೋಡಿದೆ. ಒಮ್ಮೆ ತೂತನ್ನು ಬದಿಗೆ ಮಾಡಿದರೆ ಏನಾಗುತ್ತದೆಂದು ನೋಡಿದೆ. ನಡುಭಾಗ ಹಸಿಯಾಗಿ ಉಳಿಯಿತು, ಮತ್ತೇನಿಲ್ಲ. ಆದರೆ ಪ್ರತಿ ಸಲವೂ ರುಚಿ ನೋಡಿಕೊಂಡೇ ಮಾಡಿದ್ದು. ಈಗ ನೋಡುವಂತಿಲ್ಲ.

"ಉಪ್ಪು ಸರಿ ಇದ್ಯಾ ಅತ್ತಿಗೆ?"

"ನಂಗೇನ್ ಗೊತ್ತು? ಅತ್ತೆ ಮಾಡಿದ್ರೆ ಹಬ್ಬದ ದಿನ ಒಂದ್ ಸಲನೂ ಹೆಚ್ಚುಕಮ್ಮಿ ಆಗಿದ್ದಿಲ್ಲ. ಅವ್ರಿಗೆ ಕೈ ಅಳತೆ."

ಆಗ ರಾಯಲ್ಪಾಡಿನಿಂದ ಮೊದಲ ಬಸ್ಸಿಗೆ ಬಂದ ಚಿಕ್ಕಮ್ಮ, ಅಮ್ಮನ ತಂಗಿ, ಅಣ್ಣನ ಸ್ಕೂಟರಿನಿಂದ ಇಳಿದು, ಚಪ್ಪಲಿ ಬಿಟ್ಟು ಕೈಕಾಲು ತೊಳೆದುಕೊಂಡು ನೇರ ಅಡಿಗೆಮನೆಗೆ ಬಂದಳು. ನಮ್ಮ ಮುಖ ನೋಡಿದಳು, ಪಾತ್ರೆ ನೋಡಿದಳು. ಹಿಟ್ಟಿಗೆ ಬೆರಳು ಅದ್ದಿ ನೆಕ್ಕಿದಳು.

"ಉಪ್ಪು ಕಮ್ಮಿ."

"ಚಿಕ್ಕಮ್ಮಾ! ಇನ್ನೂ ಎಡೆ ಇಟ್ಟಿಲ್ಲ!" ಬಾಗಿಲಲ್ಲಿ ನಿಂತ ಅಣ್ಣ ಕಿರುಚಿದ.

"ಊರ್ಕೋರಾ," ಸುಮ್ಮನಿರೋ ಎಂದು ತೆಲುಗಿನಲ್ಲೇ ಅವನ ಬಾಯಿ ಮುಚ್ಚಿಸಿ, ಚಿಕ್ಕಮ್ಮ ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು. "ನಿಮ್ಮಮ್ಮ ರುಚಿ ನೋಡ್ದೆ ಮಾಡ್ತಿತ್ತು ಅನ್ಕೊಂಡಿದ್ರಾ? ನಾನಾದ್ರೆ ಬೆರಳು. ನಮ್ಮಕ್ಕ ಮೊದ್ಲು ಹುಯ್ದ ಅಟ್ಟು ಪೂರ್ತಿ ತಿಂತಿತ್ತು. ಬಾಗ್ಲು ಹಾಕ್ಕೊಂಡು. ಬೆಣ್ಣೆ ಬೆಲ್ಲ ಹಾಕ್ಕೊಂಡು."

"ಬೆಲ್ಲನಾ? ಖಾರದಟ್ಟಿಗಾ?" ಎಂದೆ.

"ಆ ಖಾರಕ್ಕೆ ಬೆಲ್ಲ ಇಲ್ದೆ ಯಾರ್ ತಿಂತಾರೆ? ಅಷ್ಟು ಖಾರ ನಿಮ್ಮಪ್ಪನ ನಾಲಿಗೆಗೆ. ನಮ್ಮೂರಾಗೆ ಅಷ್ಟು ಹಾಕಲ್ಲ. ಹಬ್ಬಕ್ಕೆ ನಾನು ಬಂದಿದ್ರೆ ಇಬ್ರೂ ತಿಂತಿದ್ವಿ. ದೊಂಗ ಅಟ್ಟು ಅಂತಿತ್ತು." ದೊಂಗ ಎಂದರೆ ಕಳ್ಳ. ಹೇಳುತ್ತಾ ಚಿಕ್ಕಮ್ಮ ನಕ್ಕಳು. ನಗು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಣ್ಣ ಹೊಸ್ತಿಲ ಮೇಲೆ ಕುಳಿತ. "ಅಂದ್ರೆ ಇಷ್ಟು ವರ್ಷ ತಾತಂಗೆ, ಅಪ್ಪಂಗೆ, ನಾವು ಇಟ್ಟಿದ್ದು ಎಂಜಲು ಎಡೆನಾ?"

"ನಿಮ್ ತಾತ ಬಂದು ಕೇಳಿದ್ನಾ? ಉಪ್ಪು ಸರಿಯಾಗಿತ್ತು, ತಿಂದ, ಹೋದ."

ಅತ್ತಿಗೆ ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದಳು. "ಹಬ್ಬದ ದಿನ ನಾನು ಸ್ನಾನ ಮಾಡಿ ಬರೋ ಹೊತ್ತಿಗೆ ಒಂದು ತಟ್ಟೆ ತೊಳೆದು ಬೋರಲು ಹಾಕಿರೋರು. ಇದ್ಯಾಕೆ ಒದ್ದೆ ಇದೆ ಅಂತ ನಾನು ಕೇಳಿದ್ದೇ ಇಲ್ಲ," ಎಂದಳು.

ನನಗೆ ಚಿಕ್ಕಮ್ಮನ ಮಾತಿನ ಮೇಲೆ ಯಾವಾಗಲೂ ಅರ್ಧ ನಂಬಿಕೆ. ಒಂದೇ ಕಥೆಯನ್ನು ಅವಳು ಎರಡು ಸಲ ಒಂದೇ ರೀತಿ ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲದೆ ತ್ಯಾಗದ ತಾಯಿಯಷ್ಟೇ ಕಳ್ಳ ದೋಸೆಯ ತಾಯಿಯೂ ಅಚ್ಚುಕಟ್ಟು. ಒಂದನ್ನು ತೆಗೆದು ಇನ್ನೊಂದನ್ನು ಫ್ರೇಮಿಗೆ ಹಾಕಿದ ಹಾಗೆ. ತಟ್ಟೆ ಬೇರೆ ಪಾತ್ರೆಗಳ ಜೊತೆಗೆ ತೊಳೆದದ್ದೂ ಇರಬಹುದು. ನಂಬಲು ಇಷ್ಟವಾಯಿತು, ಇಷ್ಟವಾದದ್ದನ್ನು ನಂಬಬಾರದೆಂಬುದು ನಾನು ನನಗೆ ಹಾಕಿಕೊಂಡ ಕಟ್ಟಳೆ.

ಆದರೆ ಬಾಗಿಲೊಂದು ಇತ್ತಲ್ಲ. ಯಾಕಮ್ಮ ಬಾಗಿಲು ಹಾಕ್ಕೋತೀಯ ಎಂದು ಕೇಳಿದಾಗ, ಮೆಣಸಿನಕಾಯಿ ಘಾಟು ಆಚೆ ಬರುತ್ತೆ, ಕೆಮ್ಮು ಬರುತ್ತೆ ನಿಂಗೆ ಎನ್ನುತ್ತಿದ್ದಳು. ಅದನ್ನು ಇಷ್ಟು ವರ್ಷ ಪ್ರೀತಿಯೆಂದು ತಿಳಿದುಕೊಂಡಿದ್ದೆ. ಕೋಲಾರದಲ್ಲಿ ಅಷ್ಟು ಸಲ ಮಾಡಿ ಕೆಡಿಸಿದವಳಿಗೆ ಆ ಬೆಳಿಗ್ಗೆ ತನಕ ಹೊಳೆದಿರಲಿಲ್ಲ: ಖಾರದಟ್ಟಿಗೆ ಮೆಣಸಿನಕಾಯಿ ಹುರಿಯುವುದೇ ಇಲ್ಲ. ಹಸಿಯಾಗಿ ರುಬ್ಬುತ್ತೇವೆ. ಘಾಟು ಎಲ್ಲಿಂದ ಬರಬೇಕು?

ನಾನು ಬೆಲ್ಲದ ಡಬ್ಬ ಹುಡುಕಿದೆ.

ಅಪ್ಪನ ಎಲೆಯನ್ನು ಎಂದಿನಂತೆ ನಡುಮನೆಯಲ್ಲಿ ಹಾಸಿ, ಬೀಡಿ ಬೆಂಕಿಪೊಟ್ಟಣ ಇಟ್ಟೆವು. ಅಮ್ಮನದನ್ನು ಅಡಿಗೆಮನೆಯಲ್ಲೇ ಇಡೋಣ ಎಂದೆ.

"ಎಡೆನ ಅಡಿಗೆಮನೇಲಿ ಇಡ್ತಾರೇನೇ? ಕೇಳಿದೋರು ನಗ್ತಾರೆ," ಎಂದ ಅಣ್ಣ.

"ನಡುಮನೇಲಿ ಇಟ್ರೆ ಬಾವ ಅರ್ಧ ಕಿತ್ಕೋತಾರೆ," ಎಂದಳು ಚಿಕ್ಕಮ್ಮ. ಅಲ್ಲಿಗೆ ತೀರ್ಮಾನವಾಯಿತು.

ಅತ್ತಿಗೆ ಕಾವಲಿ ಇಟ್ಟಳು. ಮೊದಲ ಅಟ್ಟನ್ನು ಕಾವಲಿ ಹಿಡಿದುಕೊಂಡುಬಿಟ್ಟಿತು. ಎಬ್ಬಿಸಲು ಹೋದರೆ ಅಂಚು ಹರಿಯಿತು. ಇದನ್ನು ಬಿಟ್ಟು ಇನ್ನೊಂದು ಹಾಕೋಣ ಎಂದಳು. ಚಿಕ್ಕಮ್ಮ ಬೇಡವೆಂದಳು. ಅಕ್ಕ ತಿಂತಿದ್ದಿದ್ದು ಇಂಥದ್ದೇ, ಚೆನ್ನಾಗಿ ಎದ್ದಿದ್ದನ್ನ ನಿಮ್ಗೆ ಇಡ್ತಿತ್ತು ಎಂದಳು. ಹಾಗಾದರೆ ತ್ಯಾಗವೂ ಒಂದು ಚೂರು ಇತ್ತು. ಎಷ್ಟು ತ್ಯಾಗ, ಎಷ್ಟು ಕಳ್ಳತನ ಎಂದು ಬೇರೆ ಮಾಡಿ ತೂಗಲು ಹೋಗಲಿಲ್ಲ. ಚೆನ್ನಾಗಿ ಎದ್ದ ಎರಡನೆಯದು ಅಪ್ಪನ ಎಲೆಗೆ ಹೋಯಿತು. ಅಮ್ಮನಿಗೆ ಹರಿದ ಅಟ್ಟು, ಬೆಣ್ಣೆ, ಕುಟ್ಟಿದ ಬೆಲ್ಲ. ಒಲೆಯ ಪಕ್ಕ, ನೆಲದ ಮೇಲೆ ಒಂದು ಎಲೆ. ಕೈಮುಗಿದು ಆಚೆ ಬಂದೆವು. ನಾನೇ ಬಾಗಿಲು ಎಳೆದುಕೊಂಡೆ.

ಹಸಿರು ಹೋಗಿ ಈಗ ಬಾಗಿಲಿಗೆ ಕಂದು ಬಣ್ಣ ಬಂದಿದೆ. ಅದರ ಮುಂದೆ ನಾಲ್ವರೂ ನಿಂತೆವು. ಒಳಗಿನಿಂದ ಬೆಣ್ಣೆ ಕರಗುವ ವಾಸನೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮಾ ಹಸಿವು ಎಂದು ನಾನು ಬಡಿಯುತ್ತಿದ್ದಾಗ ಒಳಗಿನಿಂದ ಬರುತ್ತಿದ್ದ ಬಂದೆ ಇರೇ ಎಂಬ ದನಿ, ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದ ಹಾಗೆ ಇತ್ತೇ? ಇದನ್ನು ಈಗ ಸೇರಿಸುತ್ತಿದ್ದೇನೆ. ನಂಬಬೇಡಿ.

ಸ್ವಲ್ಪ ಹೊತ್ತಾದ ಮೇಲೆ ಅಣ್ಣ ತಟ್ಟಲು ಕೈಯೆತ್ತಿದ. ಅವನ ಮುಂಗೈ ಹಿಡಿದುಕೊಂಡೆ.

"ಇರು ಕಣೋ. ಇನ್ನೂ ತಿಂತಿರ್ಬೋದು."

ಅವನು ಕೈ ಇಳಿಸಿದ. ನನಗೆ ಬಹಳ ಹಸಿವಾಗುತ್ತಿತ್ತು. ಆ ಬಾಗಿಲ ಮುಂದೆ ನನಗೆ ಹಸಿವಾಗುವುದು ಹೊಸತೇನಲ್ಲ. ಬಡಿಯದೆ ನಿಂತದ್ದು ಮಾತ್ರ ಅದೇ ಮೊದಲು.