ಊರು ಬಿಟ್ಟ ತಂಡ

ಕೊಪ್ಪಳದಲ್ಲಿ ಕೋರ್ಟಿನ ಎದುರಿಗೆ ನನ್ನ ಅಕ್ಕನ ಇಸ್ತ್ರಿ ಅಂಗಡಿ ಇದೆ. ವಕೀಲರ ಕರಿ ಕೋಟು, ಮೆಡಿಕಲ್ ಕಾಲೇಜಿನವರ ಬಿಳಿ ಕೋಟು, ಎರಡೂ ಅಲ್ಲಿ ಒಂದೇ ಮೇಜಿನ ಮೇಲೆ ಬೀಳುತ್ತವೆ. ಕಳೆದ ವರ್ಷದಿಂದ ನಾನೂ ಅಲ್ಲೇ ನಿಲ್ಲುತ್ತಿದ್ದೇನೆ. ಅದಕ್ಕೆ ಮೊದಲು ಆರು ಸೀಸನ್ ನಾನು ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗಿನ ಒಂದು ತಂಡದ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಅಂಗಿ, ಚಡ್ಡಿ, ಕಾಲುಚೀಲ, ಬೂಟು, ಟವೆಲು ಎಲ್ಲವೂ ನನ್ನ ಸುಪರ್ದಿ. ಒಗೆಯುವುದು, ಒಣಗಿಸುವುದು, ಬೆನ್ನಿನ ನಂಬರು ಅಂಟಿಸುವುದು, ಪಂದ್ಯಕ್ಕೆ ಎರಡು ತಾಸು ಮುಂಚೆ ಒಬ್ಬೊಬ್ಬರ ಗೂಟಕ್ಕೂ ಅವರವರ ಅಂಗಿ ತೂಗುಹಾಕುವುದು.

ಅಳವಂಡಿಯಲ್ಲಿ ನಮ್ಮದು ಬಟ್ಟೆ ಒಗೆಯುವ ಮನೆತನ. ಹೊಸಪೇಟೆ ಕಡೆಯ ಒಂದು ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ನಾನು ಲಾಂಡ್ರಿ ಕೆಲಸಕ್ಕಿದ್ದಾಗ ಈ ತಂಡ ಅಭ್ಯಾಸಕ್ಕೆಂದು ಬಂದು ಇಳಿಯಿತು. ಅವರ ಬಟ್ಟೆಯವನಿಗೆ ಜ್ವರ. ಕೆಂಪು ಅಂಗಿಗಳ ಬಣ್ಣ ಬಿಳಿ ಕಾಲರಿಗೆ ಹತ್ತಿ ಹಾಳಾಗಿತ್ತು. ನಾನು ಎರಡು ದಿನ ಕೂತು ಎಲ್ಲವನ್ನೂ ಬಿಡಿಸಿಕೊಟ್ಟೆ. ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಕಡಲ ದಂಡೆಯ ದೊಡ್ಡ ಊರು ಅದು. ಹೆಸರು ಬೇಡ.

ಲೀಗು ಹೇಗೆ ನಡೆಯುತ್ತದೆ ಎನ್ನುವುದನ್ನು ನಾನು ಕಲಿತದ್ದು ಬಟ್ಟೆಯಿಂದ. ಪ್ರತಿ ತಂಡ ಉಳಿದ ಪ್ರತಿ ತಂಡದ ಜೊತೆ ಎರಡು ಸಲ ಆಡಬೇಕು, ಒಮ್ಮೆ ತನ್ನ ಊರಲ್ಲಿ, ಒಮ್ಮೆ ಅವರ ಊರಲ್ಲಿ. ನಮ್ಮಲ್ಲಿ ಆಡುವಾಗ ಕೆಂಪು, ಅವರಲ್ಲಿಗೆ ಹೋದಾಗ ಬಿಳಿ, ಅವರದೂ ಬಿಳಿಯಾಗಿದ್ದರೆ ಮೂರನೆಯ ಬಣ್ಣ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಕೊನೆಗೆ ಪಟ್ಟಿಯ ಮೇಲಿನ ಆರು ತಂಡಗಳು ಕಪ್ಪಿಗಾಗಿ ಮತ್ತೆ ಆಡುತ್ತವೆ. ಕೆಳಗಿನವರು ಪೆಟ್ಟಿಗೆ ಕಟ್ಟುತ್ತಾರೆ.

ಮೊದಲ ವರ್ಷವೇ ನಾವು ಕೊನೆಯವರಾದೆವು. ನಮ್ಮ ಗೋಲ್‌ಕೀಪರ್ ಗದಗಿನ ಕಡೆಯವನು, ವಯಸ್ಸು ಮೂವತ್ತು ದಾಟಿತ್ತು, ನನ್ನ ಜೊತೆ ನಮ್ಮ ಮಾತಲ್ಲೇ ಮಾತಾಡುತ್ತಿದ್ದ. ಅವನನ್ನು ಹೆದರುತ್ತಲೇ ಕೇಳಿದೆ.

"ಅಣ್ಣಾ, ಕಡೀ ನಂಬರ್ ಬಂದೀವಿ. ಇನ್ನ ಕೆಳಗಿನ ಲೀಗಿಗೆ ಹಾಕ್ತಾರೇನು?"

ಅವನು ಗ್ಲೌಸ್ ಬಿಚ್ಚುತ್ತ ನಕ್ಕ. "ಬ್ಯಾರೆ ದೇಶದಾಗ ಹಂಗ ಐತಿ. ಸೋತಾಂವ ಇಳೀತಾನ, ಕೆಳಗ ಗೆದ್ದಾಂವ ಮ್ಯಾಲೆ ಬರ್ತಾನ. ಇಲ್ಲೆ ಮಾಲಕರು ಲೀಗಿನಾಗ ಜಾಗ ಖರೀದಿ ಮಾಡ್ಯಾರಪಾ. ಖರೀದಿ ಮಾಡಿದಾಂವನ್ನ ಯಾರು ಇಳಸ್ತಾರ?"

ಅವತ್ತು ನನಗೆ ಸಮಾಧಾನವಾಯಿತು, ಕೆಲಸ ಉಳಿಯಿತಲ್ಲ ಎಂದು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಎಲ್ಲೋ ಕೆಳಗೆ ಬಿಸಿಲಲ್ಲಿ ಆಡಿ ಗೆದ್ದ ಹನ್ನೊಂದು ಮಂದಿ ಬರಬೇಕಾಗಿದ್ದ ಜಾಗದಲ್ಲಿ ನಾವು ಸೋತೂ ಕೂತಿದ್ದೆವು, ಮತ್ತು ನಾನು ಖುಷಿಪಟ್ಟಿದ್ದೆ.

ಆ ಊರಿನ ಜನ ಮಾತ್ರ ಸೋತರೂ ಬರುತ್ತಿದ್ದರು. ಬಂದರಿನಲ್ಲಿ ಕ್ರೇನ್ ನಡೆಸುವ ಒಬ್ಬ, ಅವನ ಹೆಂಡತಿ, ಅವರ ಓಣಿಯ ಒಂದು ಮೂವತ್ತು ಮಂದಿ. ಗೋಲಿನ ಹಿಂದೆ ನಿಂತು ತೊಂಬತ್ತು ನಿಮಿಷವೂ ತಮ್ಮ ಊರಿನ ಹೆಸರು ಕೂಗುವರು. ಐದು ಗೋಲು ತಿಂದ ದಿನವೂ ಬಸ್ಸಿನ ಹತ್ತಿರ ಬಂದು ಆಟಗಾರರಿಗೆ ಕೈ ಮಾಡಿ ಹೋಗುವರು. ಕ್ರೇನಿನವನು ನನಗೂ ಕೈ ಮಾಡುತ್ತಿದ್ದ. ಬಟ್ಟೆ ಮೂಟೆ ಹೊತ್ತವನಿಗೆ ಆ ಲೀಗಿನಲ್ಲಿ ಇನ್ನಾರೂ ಹಾಗೆ ಮಾಡಿದ ನೆನಪಿಲ್ಲ.

ಆರನೆಯ ಸೀಸನ್ ಮುಗಿದ ಮೇಲೆ ಒಂದು ಮಧ್ಯಾಹ್ನ ಆಫೀಸಿನ ಮ್ಯಾನೇಜರ್ ಲಾಂಡ್ರಿ ಕೋಣೆಗೆ ಬಂದ. ಆರು ವರ್ಷದಲ್ಲಿ ಅವನು ಆ ಕೋಣೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ನಿಂತುಕೊಂಡೇ ಹೇಳಿದ: ತಂಡಕ್ಕೆ ಹೊಸ ಮಾಲೀಕರು ಬಂದಿದ್ದಾರೆ, ಉತ್ತರದ ಬೇರೆ ನಗರಕ್ಕೆ ಹೋಗುತ್ತದೆ, ಹೆಸರು ಬೇರೆ, ಬಣ್ಣ ಬೇರೆ. ಹಳೆಯ ಅಂಗಿ ಒಂದೂ ಹೊರಗೆ ಕಾಣಿಸಬಾರದು. ಎಲ್ಲವನ್ನೂ ಎದೆಯ ಲಾಂಛನದ ಮೇಲೆ ಅಡ್ಡಲಾಗಿ ಕತ್ತರಿಸಿ ಚೀಲಕ್ಕೆ ತುಂಬಿಸು, ಫೋಟೋ ತೆಗೆದು ಕಳಿಸು.

"ಊರಿನವರಿಗೆ ಗೊತ್ತಾ ಸರ್?" ಎಂದೆ.

"ಟಿವಿಯಲ್ಲಿ ಬರುತ್ತೆ," ಎಂದು ಹೋದ.

ನಾನು ಕತ್ತರಿ ಹಿಡಿದೆ. ಇದನ್ನು ಮುಚ್ಚಿಡುವುದಿಲ್ಲ. ಹೇಳಿದ್ದನ್ನು ಮಾಡುವ ಅಭ್ಯಾಸ, ಮಾಡಿದೆ. ಹನ್ನೊಂದು ಅಂಗಿ ಕತ್ತರಿಸಿದೆ. ಹನ್ನೆರಡನೆಯದು ಗೋಲ್‌ಕೀಪರನ ಉದ್ದ ತೋಳಿನದು. ಮೊಣಕೈ ಹತ್ತಿರ ಹರಿದಿದ್ದನ್ನು ನಾನೇ ಕೂತು ಹೊಲಿದಿದ್ದೆ, ಹೊಲಿಗೆ ಕಾಣದ ಹಾಗೆ. ಅಲ್ಲಿ ಕೈ ನಿಂತಿತು. ನಮ್ಮ ಮನೆಯಲ್ಲಿ ಒಗೆಯಲು ಕೊಟ್ಟು ಮರೆತುಹೋದವರ ಬಟ್ಟೆಗಳು ವರ್ಷಗಟ್ಟಲೆ ಗಳದ ಮೇಲೆ ಇರುತ್ತಿದ್ದವು. ಇಂಥವರದು ಎಂದು ಅಪ್ಪ ಒಂದೊಂದಕ್ಕೂ ಗುರುತು ಹಾಕಿ ಇಡುತ್ತಿದ್ದ. ಬೇರೆಯವರ ಬಟ್ಟೆಗೆ ಕತ್ತರಿ ಹಾಕುವುದನ್ನು ನಾನು ಯಾರಿಂದಲೂ ಕಲಿತಿರಲಿಲ್ಲ. ಎದೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮ್ಯಾನೇಜರನ ಮೇಲೆ ಸಿಟ್ಟು, ಆ ಹನ್ನೊಂದು ಅಂಗಿಗೆ ನನ್ನ ಮೇಲೂ ಸಿಟ್ಟು.

ಉಳಿದ ಅಂಗಿಗಳನ್ನು ಮಡಚಿ ಗಾಡಿಯಲ್ಲಿಟ್ಟು ನಾಲ್ಕು ಗಂಟೆಯ ಬಿಸಿಲಲ್ಲಿ ಗೇಟಿಗೆ ತಳ್ಳಿಕೊಂಡು ಹೋದೆ. ಸುದ್ದಿ ಅಷ್ಟರಲ್ಲಿ ಟಿವಿಯಲ್ಲಿ ಬಂದಾಗಿತ್ತು. ಕ್ರೇನಿನವನೂ ಅವನ ಓಣಿಯವರೂ ಗೇಟಿನ ಹೊರಗೆ ನಿಂತಿದ್ದರು. ಕೂಗಾಟವಿರಲಿಲ್ಲ. ನಾನು ಒಬ್ಬೊಬ್ಬರ ಕೈಗೂ ಒಂದೊಂದು ಅಂಗಿ ಕೊಟ್ಟೆ. ಅವನು ತನ್ನದನ್ನು ಬಿಡಿಸಿ ನೋಡಿ, ಮತ್ತೆ ಮೊದಲಿನ ಮಡಿಕೆಯಲ್ಲೇ ಮಡಚಿದ.

"ಮುಂದಿನ ವರ್ಷ ನಾವು ಯಾರಿಗೆ ಕೂಗಬೇಕು?" ಎಂದು ಕೇಳಿದ.

ನಾನು ಖಾಲಿ ಗಾಡಿಯನ್ನು ಒಳಕ್ಕೆ ತಳ್ಳಿಕೊಂಡು ಬಂದೆ.

ಮರುದಿನ ಮ್ಯಾನೇಜರ್ ಕಳ್ಳತನ ಎಂಬ ಮಾತು ಬಳಸಿದ. ಗುರುತಿನ ಚೀಟಿ ಕಸಿದುಕೊಂಡರು. ಆರು ವರ್ಷ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡಿದ್ದ ಗೇಟಿನ ಕಾವಲಿನವನು ನನ್ನ ಚೀಲ ಬಿಚ್ಚಿ ಹುಡುಕಿದ. ಅವನು ಮುಖ ಎತ್ತಲಿಲ್ಲ. ಅವನ ತಪ್ಪೇನಿಲ್ಲ. ಆದರೆ ಒಂದು ಊರಿನ ಹೆಸರು, ಬಣ್ಣ, ಕೂಗು ಎಲ್ಲವನ್ನೂ ಬಾಚಿಕೊಂಡು ಹೋದವರ ಚೀಲವನ್ನು ಯಾರೂ ಹುಡುಕಲಿಲ್ಲ. ಕಳ್ಳ ಎನಿಸಿಕೊಂಡವನು ನಾನು!

ಕೊಪ್ಪಳಕ್ಕೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ಫುಟ್‌ಬಾಲ್ ಗೊತ್ತಿಲ್ಲ, ಸಿಟ್ಟು ಗೊತ್ತು. ಕೋಟು ಒಯ್ಯಲು ಬಂದ ಹಿರಿಯ ವಕೀಲರೊಬ್ಬರನ್ನು ಅಲ್ಲೇ ನಿಲ್ಲಿಸಿಕೊಂಡಳು.

"ಸಾಹೇಬ್ರ, ಒಂದ್ ಊರಿನ ಹೆಸರು ಇಟ್ಕೊಂಡ ತಂಡಾನ ಎತ್ಕೊಂಡು ಇನ್ನೊಂದ್ ಊರಿಗೆ ಒಯ್ಯಾಕ ಬರ್ತೈತೇನ್ರಿ?"

"ಬರ್ತೈತಿ ಅಕ್ಕಾರ. ಆ ತಂಡ ಊರಿಂದಲ್ಲ. ಮಾಲಕರಿಗೆ ಲೀಗಿನವರು ಕೊಟ್ಟ ಹಕ್ಕು ಅದು. ಲೀಗಿನವರು ಹೂಂ ಅಂದ್ರ ಮುಗೀತು."

"ಮತ್ತ ಊರಿನ ಹೆಸರ್ಯಾಕ ಇಟ್ಟಿದ್ರು?"

"ಮಂದಿ ಬರಬೇಕಲ್ಲ."

"ಬಂದ್ರಲ್ರೀ ಮಂದಿ! ಬಂದಾರನ್ನ ಒಂದ್ ಮಾತು ಕೇಳಬಾರದೇನು? ನಮ್ಮ ಯಲಬುರ್ಗಾದ ಕಬಡ್ಡಿ ತಂಡಾನ ಇವತ್ತಿಂದ ಇದು ಗಂಗಾವತೀದು ಅಂದ್ರ ಸುಮ್ಮ ಬಿಡ್ತಾರೇನು?"

ವಕೀಲರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡರು. "ಕರಾರಿನಾಗ ಮಂದಿ ಸಹಿ ಇರೂದಿಲ್ಲ ಅಕ್ಕಾರ," ಎಂದು ಹೇಳಿ ಕೋರ್ಟಿನ ಕಡೆ ನಡೆದರು. ಅವರು ಹೇಳಿದ್ದು ನಿಜವೇ ಇರಬೇಕು. ನಿಜವಾಗಿದ್ದರಿಂದಲೇ ನನ್ನ ಮೈ ಇನ್ನಷ್ಟು ಉರಿಯಿತು.

ಹೊಸ ಸೀಸನ್ನಿನ ಮೊದಲ ಪಂದ್ಯವನ್ನು ಮೊಬೈಲಿನಲ್ಲಿ ನೋಡಿದೆ. ಅದೇ ಗೋಲ್‌ಕೀಪರ್, ಅದೇ ಬೆನ್ನುಗಳು, ನೇರಳೆ ಅಂಗಿ. "ಲೀಗಿಗೆ ಹೊಚ್ಚ ಹೊಸ ತಂಡ" ಎಂದು ವಿವರಣೆಕಾರ ಉತ್ಸಾಹದಿಂದ ಹೇಳುತ್ತಿದ್ದ. ಸೋತು ಸೋತು ನಾವು ಹಿಡಿದುಕೊಂಡಿದ್ದ ಜಾಗದಲ್ಲಿ ಕೂತು ಹೊಚ್ಚ ಹೊಸದಂತೆ! ಅರ್ಧಕ್ಕೆ ಆರಿಸಿಬಿಟ್ಟೆ.

ಎರಡು ತಿಂಗಳ ಮೇಲೆ ಫೋನು ಬಂತು. ಆ ಹೊಸ ನಗರದ ಮ್ಯಾನೇಜರ್. ನೇರಳೆ ಬಣ್ಣ ಕಾಲರಿಗೆ ಹತ್ತುತ್ತಿದೆಯಂತೆ, ನಿನ್ನ ಹೆಸರು ಗೋಲ್‌ಕೀಪರ್ ಕೊಟ್ಟ, ಹಳೆಯದೆಲ್ಲ ಮರೆತು ಬಾ ಎಂದ. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಲ್ಲಿನ ವಾಸನೆ, ಪಂದ್ಯಕ್ಕೆ ಮುಂಚಿನ ಆ ಖಾಲಿ ಕೋಣೆ, ಸಾಲಾಗಿ ತೂಗುವ ಅಂಗಿಗಳು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಬರುತ್ತೇನೆ ಸರ್. ಒಂದೇ ಮಾತು ಬರೆದುಕೊಡಿ. ತಂಡ ಮತ್ತೆ ಊರು ಬಿಡುವುದಿದ್ದರೆ ಅಲ್ಲಿನ ಜನರಿಗೂ ಕೆಲಸದವರಿಗೂ ಮುಂಚೆಯೇ ಹೇಳುತ್ತೇವೆ ಅಂತ."

ಅವನು ನಕ್ಕ. ಕೆಟ್ಟ ನಗೆಯೇನಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ. ನಾನು ಫೋನ್ ಇಟ್ಟೆ.

ಅಕ್ಕ ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಸಿಟ್ಟು ಇರಲಿ ತಮ್ಮಾ, ಆದ್ರ ನೀ ಹೋಗಬೇಕಿತ್ತು. ಆ ಕೆಲಸ ನಿನಗ ಭಾಳ ಸೇರತಿತ್ತು," ಎಂದಳು. ಅವಳಿಂದ ಆ ಮಾತು ನಿರೀಕ್ಷಿಸಿರಲಿಲ್ಲ. ನಾನು ಬಟ್ಟೆಗೆ ನೀರು ಚಿಮುಕಿಸತೊಡಗಿದೆ.

ಮೊನ್ನೆ ಅಂಗಡಿಗೆ ತಂದ ರದ್ದಿ ಪೇಪರಿನಲ್ಲಿ ಒಂದು ಸುದ್ದಿ ಕಂಡಿತು. ಲೀಗಿಗೆ ಇನ್ನೊಂದು ತಂಡ ಸೇರಿಸುತ್ತಾರಂತೆ, ಕೊಳ್ಳುವವರು ಅರ್ಜಿ ಹಾಕಬಹುದು, ಯಾವ ಊರು ಎಂಬುದು ಆಮೇಲೆ ತೀರ್ಮಾನ. ನಾನು ಅದನ್ನು ಗಟ್ಟಿಯಾಗಿ ಓದಿದೆ, ಕೊನೆಯ ಸಾಲನ್ನು ಎರಡು ಸಲ. ಕುಷ್ಟಗಿಯಿಂದ ಬಂದಿದ್ದ ಹೆಂಗಸೊಬ್ಬಳು ತನ್ನ ಮದುವೆ ಸೀರೆಗಾಗಿ ಕಾಯುತ್ತ ನಿಂತಿದ್ದಳು. ಅಕ್ಕ ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೀರೆ ಸುತ್ತಿ, ದಾರ ಕಟ್ಟಿ, ಅವಳ ಕೈಗಿಟ್ಟಳು.