ಕೂಗದ ಬಜ್ಜರು

ನಿಂತಿದ್ದ ಡಂಪರಿನಿಂದ ಪ್ರಾಣಭಯಕ್ಕೆ ಹಾರಿ ಕೆಸರಿಗೆ ಬಿದ್ದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಒಮ್ಮೆ ಕಾಣಬೇಕೆಂಬ ಆಸೆ ನನಗಿದೆ. ನಾನಂತೂ ಬಿದ್ದಿದ್ದೇನೆ. ಎಂಬತ್ತರ ಆಚೀಚಿನ ಮಾತು. ಹೊಸನಗರದ ಕಾಡಿನೊಳಗೆ ಒಂದು ಅಣೆಕಟ್ಟು ಏಳುತ್ತಿತ್ತು. ಅದಕ್ಕೆ ಮಣ್ಣು ಹೊರುವ ಗುತ್ತಿಗೆ ಹಿಡಿದ ಕಂಪನಿಯ ಶೆಡ್ಡಿನಲ್ಲಿ ನಾನು ಸ್ಟೋರ್ ಗುಮಾಸ್ತ. ಕೋಣಂದೂರು ಕಡೆಯ ಗೌಡರ ಮನೆಯವನು, ಮೇಲಾಗಿ ಬಿ.ಎ. ಫೇಲು; ಎರಡರಿಂದಲೂ ಸ್ವಲ್ಪ ಬಿಂಕವಿತ್ತು.

ಅವತ್ತು ದುಗ್ಗಪ್ಪನೆಂಬ ಹುಡುಗು ಬುದ್ಧಿಯ ಡ್ರೈವರು ನನ್ನನ್ನು ಡಂಪರಿಗೆ ಹತ್ತಿಸಿಕೊಂಡು, ಇಂಜಿನ್ ಓಡುತ್ತಿರುವಾಗಲೇ ಎಲೆಯಡಿಕೆ ಕೇಳಲು ಕೆಳಗಿಳಿದು ಹೋದ. ನನ್ನ ಮೂಗಿನ ಮುಂದೆ ಕೆಂಪು ದೀಪ ಹತ್ತಿತು. ಕಿವಿ ಹರಿಯುವಂತೆ ಬಜ್ಜರು ಕೂಗಿತು. ಅದು ಕೂಗಿದರೆ ಬ್ರೇಕು ಹೋಯಿತೆಂದು ಅರ್ಥ ಎಂದು ಯಾರೋ ಹೇಳಿದ್ದರು. ಗಾಡಿ ಚಲಿಸುತ್ತಿದೆಯೋ ಇಲ್ಲವೋ ಎಂದು ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಹಾರಿದೆ. ಪ್ಯಾಂಟು ಬಾಗಿಲ ಹಿಡಿಗೆ ಸಿಕ್ಕಿ ಅರ್ಧ ಅಲ್ಲೇ ಉಳಿಯಿತು. ಉಳಿದರ್ಧದೊಂದಿಗೆ ನಾನು ಕೆಸರು ಸೇರಿದೆ. ಇಡೀ ಶೆಡ್ಡು ನಕ್ಕಿತು.

ನಗದೆ ಬಂದವನು ಒಬ್ಬನೇ, ಕಂಪನಿಯ ಎಲೆಕ್ಟ್ರಿಷಿಯನ್ ಮಾಸ್ತಪ್ಪ. ಸಾಗರ ಕಡೆಯ ದೀವರ ಪೈಕಿ, ದುಗ್ಗಪ್ಪನ ಅಕ್ಕನ ಗಂಡ. ನನ್ನನ್ನು ಎಬ್ಬಿಸುವ ಮೊದಲು ಗಾಡಿಯ ಅಡಿಗೆ ನುಸುಳಿ ಬಜ್ಜರು ನಿಲ್ಲಿಸಿದ. ಆಮೇಲೆ ಹೊರಬಂದು, ಕೈ ಒರೆಸಿಕೊಳ್ಳುತ್ತ ಅಂದ:

"ಬಜ್ಜರ್ ಕೂಗಿದ್ರೆ ಹೆದ್ರಬ್ಯಾಡಿ ಗೌಡ್ರೆ. ಕೂಗ್ದೆ ಇದ್ರೆ ಹೆದ್ರಿ."

ನನಗೆ ಸಮಾಧಾನ ಹೇಳುತ್ತಿದ್ದಾನೆಂದುಕೊಂಡೆ.

ಆ ಡಂಪರುಗಳ ಬ್ರೇಕು ಗಾಳಿಯ ಒತ್ತಡದ್ದು. ಗಾಳಿ ಟ್ಯಾಂಕಿನ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಸಾಧನ ಕೂತಿರುತ್ತಿತ್ತು. ಇಂಜಿನಿಯರು ಅದನ್ನು ಸೆನ್ಸರ್ ಎನ್ನುತ್ತಿದ್ದರು. ಶೆಡ್ಡಿನಲ್ಲಿ ಅದರ ಹೆಸರು ಮೂಗು. ಗಾಳಿ ಕಡಿಮೆಯಾದರೆ ಮೂಗಿಗೆ ತಿಳಿಯುತ್ತದೆ, ಮೂಗು ತಂತಿಗೆ ಹೇಳುತ್ತದೆ, ತಂತಿ ಬಜ್ಜರಿಗೆ. ಆದರೆ ನಮ್ಮ ಮಳೆಯಲ್ಲಿ ಯಾವ ತಂತಿ ತಾನೇ ನೆಟ್ಟಗಿದ್ದೀತು? ಸಿಪ್ಪೆ ಸುಲಿದು ಗಾಡಿಯ ಕಬ್ಬಿಣಕ್ಕೆ ತಾಗಿದರೂ ಸಾಕು, ಬಜ್ಜರು ಕೂಗುತ್ತಿತ್ತು. ಹಾಗಾಗಿ ಡ್ರೈವರುಗಳು ಜೂನ್ ಬಂತೆಂದರೆ ಬಜ್ಜರಿನ ತಂತಿ ಕಿತ್ತು, ತುದಿಗೆ ಅಡಿಕೆ ಹಾಳೆಯ ಚೂರು ಸುತ್ತಿ ಸಿಕ್ಕಿಸಿಬಿಡುತ್ತಿದ್ದರು. ಮಾಸ್ತಪ್ಪ ಸಂಜೆ ಬಂದು ಆ ಹಾಳೆ ಬಿಚ್ಚಿ ತಂತಿ ಸೇರಿಸುತ್ತಿದ್ದ. ಬೆಳಿಗ್ಗೆ ಅವರು ಮತ್ತೆ ಕೀಳುತ್ತಿದ್ದರು. ಮಳೆಗಾಲವೆಲ್ಲ ಇದೇ ಕುಸ್ತಿ.

ಅವನ ಪರೀಕ್ಷೆ ಸರಳ. ಮೊದಲು ತಂತಿಯನ್ನು ಮೂಗಿನಿಂದ ಬಿಡಿಸುವುದು. ಆಗಲೂ ಬಜ್ಜರು ಕೂಗುತ್ತಿದ್ದರೆ ಸುಳ್ಳು ಹೇಳುತ್ತಿರುವುದು ತಂತಿ. ನಿಂತುಹೋದರೆ ಒಂದೋ ಮೂಗು ಕೆಟ್ಟಿದೆ, ಇಲ್ಲವೇ ನಿಜವಾಗಿಯೂ ಗಾಳಿಯಿಲ್ಲ. ಬೇರೆ ಮೀಟರು ಸಿಕ್ಕಿಸಿ ಅಳೆದು ನೋಡಬೇಕು. ಅಳೆಯುವವರೆಗೆ ಗಾಡಿ ಬಿಡುತ್ತಿರಲಿಲ್ಲ. ಇಂಜಿನಿಯರು ಕಿರುಚಿದರೂ ಬಿಡುತ್ತಿರಲಿಲ್ಲ.

ಮನೆಯಲ್ಲೂ ಅವನಿಗೊಂದು ಬಜ್ಜರಿತ್ತು. ಹೆಂಡತಿ ರಂಗಮ್ಮ. ತಡವಾಗಿ ಬಂದರೆ ಬೈಗುಳ, ಬೇಗ ಬಂದರೆ ಯಾಕೆ ಬಂದೆಯೆಂದು ಬೈಗುಳ. ಕೂಲಿ ಲೈನಿನ ತುದಿಯಲ್ಲಿದ್ದ ನನ್ನ ಕೋಣೆಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು; ನಾನು ಅದನ್ನು ಕೇಳಿಯೇ ಅನ್ನಕ್ಕೆ ನೀರಿಡುತ್ತಿದ್ದೆ. ತಮ್ಮ ದುಗ್ಗಪ್ಪನಿಗೆ ಇನ್ನೂ ಒಂದು ಪಾಲು ಹೆಚ್ಚು. ಅವನನ್ನು ಎತ್ತಿ ಬೆಳೆಸಿದವಳು ಅವಳೇ.

ಆ ವರ್ಷ ಭೂಮಿ ಹುಣ್ಣಿಮೆಯ ಮುನ್ನಾದಿನ. ಬೆಳಗಾದರೆ ಗದ್ದೆಗೆ ಎಡೆ ಹೊತ್ತು ಬಸುರಿ ಭೂಮಿಗೆ ಉಣಿಸುವ ಹಬ್ಬ. ರಂಗಮ್ಮ ಎಡೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದಳು. ಸಂಜೆಯ ಬಸ್ಸಿಗೆ ಮೂವರೂ ಊರಿಗೆ ಹೋಗಬೇಕು. ದುಗ್ಗಪ್ಪನದು ಕೊನೆಯ ಟ್ರಿಪ್ಪು. ಬಜ್ಜರು ಕೂಗತೊಡಗಿತು.

ಮಾಸ್ತಪ್ಪ ತಂತಿ ಬಿಡಿಸಿದ. ಕೂಗು ನಿಲ್ಲಲಿಲ್ಲ. ಮೀಟರು ಹಾಕಿ ನೋಡಿದ, ಗಾಳಿ ಭರ್ತಿಯಿತ್ತು. ತಂತಿಯದೇ ಸುಳ್ಳು. ಆದರೆ ಅದು ಎಲ್ಲಿ ತಾಗಿದೆಯೆಂದು ಹುಡುಕಲು ಸಂಜೆಯೆಲ್ಲ ಬೇಕು.

"ಒಂದೇ ಟ್ರಿಪ್ಪು ಭಾವ," ಎಂದ ದುಗ್ಗಪ್ಪ. "ಬಸ್ ತಪ್ಪಿದ್ರೆ ಅಕ್ಕ ನಮ್ಮಿಬ್ರನ್ನೂ ಎಡೆ ಹಾಕ್ತಾಳೆ."

ಮಾಸ್ತಪ್ಪನಿಗೂ ನಗು ಬಂತು. ಬಜ್ಜರಿನ ತಂತಿ ಕಿತ್ತು, ಹಾಳೆಯ ಚೂರು ತಾನೇ ಕೇಳಿ ಪಡೆದು ಸುತ್ತಿದ. ಸ್ಟೋರಿನ ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ.

ಅವನ ಪರೀಕ್ಷೆಯಲ್ಲಿ ತಪ್ಪಿರಲಿಲ್ಲ. ಶೆಡ್ಡು ಬಿಡುವಾಗ ಗಾಡಿ ಸರಿಯಾಗಿಯೇ ಇತ್ತು. ಆಮೇಲೆ, ಮಣ್ಣು ತುಂಬಿ ಬರುವ ದಾರಿಯಲ್ಲಿ, ಗಾಳಿಯ ಪೈಪೊಂದು ಬಿರುಕು ಬಿಟ್ಟು ನಿಧಾನವಾಗಿ ಸೋರಿತು. ಇಳಿಜಾರಿನ ನೆತ್ತಿಯಲ್ಲೇ ಬಜ್ಜರು ಕೂಗಬೇಕಾಗಿತ್ತು. ನಿಜ ಹೇಳುವ ಹೊತ್ತಿಗೆ ಅದಕ್ಕೆ ಬಾಯಿರಲಿಲ್ಲ. ದುಗ್ಗಪ್ಪನನ್ನು ಕಣಿವೆಯಿಂದ ಮೇಲೆ ತರುವಾಗ ಊರಿನ ಬಸ್ಸು ಹೋಗಿಯಾಗಿತ್ತು.

ಹೆಣದ ಮುಂದೆಯೂ ರಂಗಮ್ಮ ಬೈದಳು. ತಂತಿ ಕಿತ್ತಿತ್ತೆಂದು ಯಾರೋ ಅವಳಿಗೆ ಹೇಳಿದ್ದರು. "ಅವಸರಗೇಡಿ, ನೀನೇ ಕಿತ್ಕಂಡ್ಯಲ್ಲೋ. ಭಾವ ಅಷ್ಟು ಬಡ್ಕಂಡ್ರೂ ಕೇಳ್ಲಿಲ್ವಲ್ಲೋ," ಎಂದು ಅವನ ಕೆನ್ನೆಗೆ ತಟ್ಟಿ ತಟ್ಟಿ ಬೈದಳು. ಮಾಸ್ತಪ್ಪ ಕಂಬ ಹಿಡಿದು ನಿಂತಿದ್ದ.

ವಿಚಾರಣೆ ಶೆಡ್ಡಿನಲ್ಲೇ ನಡೆಯಿತು. ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದು. ಡ್ರೈವರುಗಳೆಲ್ಲ ಕೀಳುತ್ತಾರೆ, ಇವನೂ ಕಿತ್ತಿರಬೇಕು ಎಂದು ಇಂಜಿನಿಯರು ಹೇಳಿಯಾಗಿತ್ತು. ಮಾಸ್ತಪ್ಪ ಸುಮ್ಮನಿದ್ದರೆ ಸಾಕು; ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ನಾನು ಕೆಮ್ಮಿದೆ, ಕಣ್ಣು ಮಿಟುಕಿಸಿದೆ, ಮೇಜಿನಡಿ ಕಾಲು ತುಳಿಯಲು ಹೋಗಿ ಇಂಜಿನಿಯರ ಕಾಲನ್ನೇ ತುಳಿದೆ.

"ಕಿತ್ತಿದ್ದು ನಾನು," ಎಂದ ಮಾಸ್ತಪ್ಪ.

ಕೆಲಸ ಅವತ್ತೇ ಹೋಯಿತು. ಮನೆಯವರೆಗೆ ಜೊತೆಗೆ ಹೋದೆ. ಯಾಕಪ್ಪ ಹೇಳಿದೆ, ಅವಳಿಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದು ದಾರಿಯಲ್ಲಿ ಕೇಳಿದೆ. ಸತ್ತವನು ಇನ್ನೆಷ್ಟು ದಿನ ನನ್ನ ಪಾಲಿನ ಬೈಗುಳ ತಿನ್ನಬೇಕು ಎಂದ. ರಂಗಮ್ಮ ಅಂಗಳ ಗುಡಿಸುತ್ತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ಬಾಯಿಯ ಬಲ ನನಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದಿಟ್ಟಳು. ಒಂದು ಮಾತೂ ಆಡಲಿಲ್ಲ. ಆ ರಾತ್ರಿ ಲೈನಿನಲ್ಲಿ ಸದ್ದಿರಲಿಲ್ಲ. ನಾನು ಅನ್ನಕ್ಕೆ ನೀರಿಡುವುದನ್ನೇ ಮರೆತೆ.

ಕೆಲವು ವರ್ಷ ಕಳೆದ ಮೇಲೆ ತೀರ್ಥಹಳ್ಳಿಯಲ್ಲಿ ಅವನ ಅಂಗಡಿಗೆ ಹೋದೆ. ಲಾರಿಗಳ ಬ್ಯಾಟರಿ, ಡೈನಮೋ ರಿಪೇರಿ; ಹಿಂದುಗಡೆ ಸಂಸಾರ. ಅಟ್ಟಕ್ಕೆ ಕೆಮ್ಮಣ್ಣಿನ ಬುಟ್ಟಿಯೊಂದು ತೂಗುತ್ತಿತ್ತು, ಚಿತ್ತಾರ ಅರ್ಧಕ್ಕೇ ನಿಂತದ್ದು. ರಂಗಮ್ಮ ಬಂದು ನನ್ನನ್ನು ಗೌಡ್ರೆ ಎಂದು ಕರೆದು, ಮನೆಯವರ ಯೋಗಕ್ಷೇಮವನ್ನೆಲ್ಲ ಕೇಳಿದಳು. ಗಂಡನ ಮುಂದೆ ಲೋಟವಿಟ್ಟು, ಅತ್ತ ನೋಡದೆ ಒಳಗೆ ಹೋದಳು.

ಕೇಳಬಾರದಿತ್ತು. ಆದರೆ ನನ್ನ ಬಾಯಿಗೆ ಹಾಳೆ ಸುತ್ತುವವರು ಯಾರೂ ಹುಟ್ಟಿಲ್ಲ. ಅವಳು ನಿನ್ನ ಹತ್ತಿರ ಮಾತೇ ಆಡಿಲ್ಲವೇ ಮಾರಾಯ, ಇಷ್ಟು ವರ್ಷ, ಎಂದೆ.

ಮಾಸ್ತಪ್ಪ ಡೈನಮೋದ ಧೂಳು ಊದಿದ.

"ಒಂದ್ಸಲ ಆಡಿದ್ಲು. ನೀರು ಅಂದ್ಕಂಡು ಆಸಿಡ್ ಲೋಟ ಎತ್ತಿದ್ದೆ. 'ಅದಲ್ಲ' ಅಂದ್ಲು. ವೈರು ಸರಿ ಅದೆ ಗೌಡ್ರೆ."