ಬಳೆಯ ಚೌಕ

ನನ್ನ ಹೆಂಡತಿ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ‘ರೀ’ ಎನ್ನುತ್ತಿದ್ದಳು. ನನ್ನ ತಾಯಿಯೋ ಬಂದ ನೆಂಟರೋ ಎದುರಿಗಿದ್ದರೆ ಅದೂ ಇಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಲಗೈಯನ್ನು ಎರಡು ಸಲ ಅಲುಗಿಸುವಳು. ಗಾಜಿನ ಬಳೆಗಳ ಸಪ್ಪಳ ಕೇಳಿದ ಕೂಡಲೇ ನಾನು ‘ಬಂದೆ’ ಎಂದು ಏಳುತ್ತಿದ್ದೆ. ತಾಯಿ ತೀರಿಕೊಂಡ ಮೇಲೂ ಆ ರೂಢಿ ಹಾಗೇ ಉಳಿಯಿತು. ಯಶವಂತನಗರದ ಕಡೆ ಗಣಿಯಲ್ಲಿ ವರ್ಷಗಟ್ಟಲೆ ಅದಿರಿನ ಡಂಪರ್ ಲಾರಿ ಓಡಿಸಿ ನನ್ನ ಕಿವಿ ಮಂದವಾಗಿದೆ. ಟಿವಿ ಸಣ್ಣಗಿಟ್ಟರೆ ಕೇಳಿಸುವುದಿಲ್ಲ. ಬಳೆಯ ಸಪ್ಪಳ ಮಾತ್ರ ಹಿತ್ತಲಲ್ಲಿದ್ದರೂ ಕೇಳಿಸುತ್ತಿತ್ತು.

ಅವಳಿಗೆ ಕಾಯಿಲೆ ಶುರುವಾದದ್ದು ಬಲಗೈಯಿಂದಲೇ. ರೊಟ್ಟಿ ತಟ್ಟುವಾಗ ಕೈ ಸೋಲುತ್ತದೆ ಎಂದಳು. ಆಮೇಲೆ ಸೀರೆಗೆ ಪಿನ್ನು ಹಾಕಿಕೊಳ್ಳಲು ಬರಲಿಲ್ಲ. ವರ್ಷದೊಳಗೆ ಎರಡೂ ಕೈ ಹೋದವು, ಕಾಲು ಹೋದವು, ನಾಲಿಗೆ ತೊಡರತೊಡಗಿತು. ಇದು ನರದ ಕಾಯಿಲೆ, ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಮೈಯೆಲ್ಲ ನಿಂತರೂ ಕಣ್ಣು ಮತ್ತು ಬುದ್ಧಿ ಕೊನೆಯವರೆಗೆ ಚೆನ್ನಾಗಿರುತ್ತವೆ ಎಂದೂ ಹೇಳಿದರು. ಸಮಾಧಾನದ ಮಾತು ಎಂಬಂತೆ ಅದನ್ನು ಹೇಳಿದರು. ನಾನು ಗಣಿಯ ಕೆಲಸ ಬಿಟ್ಟು ಹೊಸಪೇಟೆಯ ಮನೆಯಲ್ಲಿ ಅವಳ ಜೊತೆ ಉಳಿದೆ.

ಅವಳ ಮಾತು ಪೂರ್ತಿ ನಿಂತ ಮೇಲೆ ಒಬ್ಬ ಹುಡುಗಿ ಮನೆಗೆ ಬರತೊಡಗಿದಳು. ಮಾತು ಹೋದವರಿಗೆ ಅಭ್ಯಾಸ ಮಾಡಿಸುವುದು ಅವಳ ಕೆಲಸ. ಒಂದು ದಿನ ಕಬ್ಬಿಣದ ಕಾಲಿರುವ ಸ್ಟ್ಯಾಂಡ್ ಮತ್ತು ಒಂದು ಟ್ಯಾಬ್ ತಂದು ಮಂಚದ ಎದುರು ನಿಲ್ಲಿಸಿದಳು. ಅದರ ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರಗಳು, ಕೆಳಗೆ ಮಾತು. ಇನ್ನೊಂದು ಪುಟದಲ್ಲಿ ಬರಿ ಅಕ್ಷರಗಳು. ಟ್ಯಾಬಿನ ಕ್ಯಾಮೆರಾ ನೋಡುವವರ ಕಣ್ಣುಗುಡ್ಡೆಯನ್ನೇ ಹಿಂಬಾಲಿಸುತ್ತದೆ. ಒಂದು ಚೌಕವನ್ನು ಕಣ್ಣು ಕದಲಿಸದೆ ನೋಡಿದರೆ ಯಂತ್ರ ಆ ಮಾತನ್ನು ಗಟ್ಟಿಯಾಗಿ ಆಡುತ್ತದೆ. ಮೊದಲ ವಾರ ಏನೂ ಸರಿಬರಲಿಲ್ಲ. ಹಿಂದಿನ ಕಿಟಕಿಯ ಬೆಳಕಿಗೆ ಕ್ಯಾಮೆರಾ ದಾರಿ ತಪ್ಪುತ್ತಿತ್ತು. ಮಂಚವನ್ನು ಗೋಡೆಯ ಕಡೆ ತಿರುಗಿಸಿದೆವು. ಆಮೇಲೆ ಅವಳ ಮೂಗುತಿಯ ಹರಳು ಹೊಳೆದು ತೊಂದರೆಯಾಯಿತು. ತೆಗೆಯೋಣ ಎಂದರೆ ಅವಳು ಕಣ್ಣು ಮುಚ್ಚಿಕೊಂಡಳು. ಬ್ಯಾಡ ಎನ್ನಲು ಅವಳಲ್ಲಿ ಉಳಿದಿದ್ದ ದಾರಿ ಅದೊಂದೇ. ಕೊನೆಗೆ ಸ್ಟ್ಯಾಂಡನ್ನೇ ಸ್ವಲ್ಪ ಓರೆ ಮಾಡಿದೆವು.

ಎರಡನೆಯ ವಾರ ಕೋಣೆಯೊಳಗಿಂದ ‘ನನಗೆ ಬಾಯಾರಿಕೆಯಾಗಿದೆ’ ಎಂಬ ಹೆಣ್ಣುದನಿ ಕೇಳಿ ನಾನು ಯಾರೋ ಬಂದಿದ್ದಾರೆಂದು ಓಡಿಹೋದೆ. ಗಂಡನ ಮನೆಯಿಂದ ತಾಯಿಯನ್ನು ನೋಡಲು ಬಂದಿದ್ದ ಮಗಳು ಬಿದ್ದು ಬಿದ್ದು ನಕ್ಕಳು.

“ಅವ್ವಾ, ನೀನು ವಾರ್ತೆ ಓದೋರಂಗ ಮಾತಾಡಾಕತ್ತೀಯಲ್ಲ! ಇನ್ನ ಮುಖ್ಯಾಂಶ ಹೇಳಿಬಿಡು.”

ಅವಳೇ ಕುಳಿತು ಚೌಕಗಳನ್ನೆಲ್ಲ ನಮ್ಮ ಮಾತಿಗೆ ತಿದ್ದಿದಳು. ‘ನೀರು ಕೊಡ್ರಿ’, ‘ಮಗ್ಗಲ ಹೊಳ್ಸ್ರಿ’, ‘ಬ್ಯಾಡ’, ‘ಕುಂದ್ರಿ’, ‘ಚಾ ಕುಡೀರಿ’. ಕೊನೆಯ ಎರಡು ಬಂದವರಿಗೆ. ಅವೆರಡು ಬೇಕೇ ಬೇಕೆಂದು ನನ್ನ ಹೆಂಡತಿ ಒಂದೊಂದೇ ಅಕ್ಷರ ನೋಡಿ ಹೇಳಿದ್ದಳು.

ಇನ್ನು ನನ್ನನ್ನು ಕರೆಯುವ ಚೌಕ ಆಗಬೇಕಿತ್ತು.

“ಇದು ಎಲ್ಲಕ್ಕಿಂತ ಮುಖ್ಯ ಸರ್. ಉಗುಳು ಗಂಟಲಿಗೆ ಸಿಕ್ಕರೆ ಅಮ್ಮಾರು ಇದರಿಂದನ ನಿಮ್ಮನ್ನ ಕರೀಬೇಕು. ಏನಂತ ಕರೀತಿದ್ರು ಇವ್ರು ನಿಮ್ಮನ್ನ?” ಎಂದು ಆ ಹುಡುಗಿ ಕೇಳಿದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಡಂಪರ್ ಹಿಂದಕ್ಕೆ ಬರುವಾಗಿನ ಸೈರನ್ ಹಾಕೋಣ, ಅದಾದರೆ ಸಂಡೂರಿಗೂ ಕೇಳಿಸುತ್ತದೆ ಎಂದೆ. ಫೋನಿನಲ್ಲಿ ಅದು ಇತ್ತು ಕೂಡ. ನನ್ನ ಹೆಂಡತಿ ಅಕ್ಷರಗಳ ಪುಟಕ್ಕೆ ಹೋಗಿ ಬಹಳ ಹೊತ್ತು ಒಂದೊಂದನ್ನೇ ನೋಡಿದಳು. ಯಂತ್ರ ಹೇಳಿತು: “ನಾನೇನು ಲಾರಿ ಏನ್ರಿ?”

ಆ ಕೋಣೆಯಲ್ಲಿ ನಾವೆಲ್ಲ ಕೂಡಿ ನಕ್ಕಿದ್ದು ಅದೇ ಕೊನೆ.

ಬಳೆಯ ಯೋಚನೆ ಮಗಳದು. ತಾಯಿಯ ಬಲಗೈಯನ್ನು ತಾನೇ ಹಿಡಿದೆತ್ತಿ ಫೋನಿನ ಹತ್ತಿರ ಎರಡು ಸಲ ಅಲುಗಿಸಿದಳು. ಕೈ ಎಷ್ಟು ಸೊರಗಿತ್ತೆಂದರೆ ಬಳೆಗಳು ಮೊಣಕೈವರೆಗೆ ಜಾರಿಹೋದವು. ಅವನ್ನು ಮತ್ತೆ ಇಳಿಸಿ ಅಲುಗಿಸಿದಳು. ಆ ಸಪ್ಪಳ ಟ್ಯಾಬಿಗೆ ಸೇರಿತು. ಪರದೆಯ ಮೂಲೆಯಲ್ಲಿ ಹಸಿರು ಬಳೆಯ ಚಿತ್ರದ ಒಂದು ಚೌಕ ಬಂತು. ನನ್ನ ಹೆಂಡತಿ ಅದನ್ನು ನೋಡಿದಳು. ಸಪ್ಪಳ ಬಂತು. ನಾನು ಅಲ್ಲೇ ಎದುರಿಗಿದ್ದರೂ ‘ಬಂದೆ’ ಎಂದೆ. ಅವಳ ಕಣ್ಣಂಚಿನಿಂದ ನೀರಿಳಿಯಿತು.

ಏಳು ತಿಂಗಳು ಹಾಗೆ ಕಳೆದೆವು. ನಾನು ಬಟ್ಟೆ ಒಗೆಯುತ್ತಿರಲಿ, ಬಾಗಿಲಲ್ಲಿ ತರಕಾರಿ ಕೊಳ್ಳುತ್ತಿರಲಿ, ಬಳೆ ಸಪ್ಪಳಿಸಿದರೆ ಓಡುತ್ತಿದ್ದೆ. ಸಣ್ಣ ಯಂತ್ರದ ನಳಿಕೆಯನ್ನು ಬಾಯೊಳಗಿಟ್ಟು ಉಗುಳು ಎಳೆದು ತೆಗೆಯುವುದನ್ನು ಕಲಿತಿದ್ದೆ. ಒಮ್ಮೆಯೂ ತಡವಾಗಿರಲಿಲ್ಲ.

ಆ ವೇಳೆಗೆ ಬಸುರಿಯಾಗಿದ್ದ ಮಗಳಿಗೆ ಏಳು ತಿಂಗಳು ತುಂಬಿತು. ಕುಬುಸದ ಶಾಸ್ತ್ರ ಬೇಡ ಎಂದು ನಾನೂ ಮಗಳೂ ಅಂದುಕೊಂಡಿದ್ದೆವು. ನನ್ನ ಹೆಂಡತಿ ಕೇಳಲಿಲ್ಲ. ಒಂದು ಇಡೀ ಮಧ್ಯಾಹ್ನ ಅಕ್ಷರ ನೋಡಿ ನೋಡಿ ಹೇಳಿದಳು: “ನನ್ನ ಮನಿಯಾಗ ಮಾಡ್ರಿ. ನಾನು ನೋಡ್ಬೇಕು.”

ಆ ದಿನ ಬೆಳಿಗ್ಗೆ ಅವಳನ್ನು ಗಾಲಿ ಕುರ್ಚಿಯಲ್ಲಿ ಪಡಸಾಲೆಗೆ ತಂದೆ. ಮಗಳಿಗೆ ಹೊಸ ಕುಬುಸ ಕೊಟ್ಟರು, ಉಡಿ ತುಂಬಿದರು, ಬಳೆಗಾರ್ತಿ ಎರಡೂ ಕೈತುಂಬ ಹಸಿರು ಬಳೆ ತೊಡಿಸಿದಳು. ನನ್ನ ಹೆಂಡತಿ ಎಲ್ಲವನ್ನೂ ನೋಡಿದಳು. ಕುತ್ತಿಗೆ ಸೋತು ತಲೆ ವಾಲತೊಡಗಿದಾಗ ಒಳಗೆ ಕರೆದೊಯ್ದು ಮಲಗಿಸಿ, ಟ್ಯಾಬನ್ನು ಎದುರಿಗೆ ಹೊಂದಿಸಿದೆ. ಗದ್ದಲವಿದೆಯೆಂದು ಸದ್ದನ್ನು ಪೂರ್ತಿ ಏರಿಸಿದೆ. “ಕರಿ, ಬರ್ತೀನಿ” ಎಂದು ಹೇಳಿ ಹೊರಗೆ ಬಂದು ಊಟ ಬಡಿಸಲು ನಿಂತೆ.

ನಮ್ಮಲ್ಲಿ ಬಸುರಿಗೆ ತೊಡಿಸಿದ ಮೇಲೆ ಬಂದ ಹೆಂಗಸರಿಗೆಲ್ಲ ಬಳೆ ತೊಡಿಸುತ್ತಾರೆ. ಅದು ನನಗೆ ಗೊತ್ತಿಲ್ಲದ್ದಲ್ಲ. ಪಡಸಾಲೆಯ ತುಂಬ ಹೆಂಗಸರು ಕೈ ಚಾಚಿ ಕುಳಿತಿದ್ದರು. ಅತ್ತ ಅಲುಗಿಸಿ ಇತ್ತ ಅಲುಗಿಸಿ ನೋಡುತ್ತಿದ್ದರು. ನಾನು ಪಲ್ಯದ ಬುಟ್ಟಿ ಹಿಡಿದು ಇನ್ನೊಂದು ಬದಿಯ ಊಟದ ಸಾಲಿನಲ್ಲಿ ಬಾಗುತ್ತಿದ್ದೆ. ಬಳೆ ಸಪ್ಪಳ ಬಂತು. ಎರಡು ಸಲ, ನಡುವೆ ಚೂರು ಬಿಟ್ಟು. ನಾನು ತಲೆ ಎತ್ತಿದೆ. ಎದುರಿಗೆ ಎಲ್ಲರ ಕೈಯಲ್ಲೂ ಬಳೆ. ಮತ್ತೆ ಬಾಗಿ ಮುಂದಿನ ಎಲೆಗೆ ಬಡಿಸಿದೆ. ಅದು ಮತ್ತೆ ಬಂತು. ನಾನು ಇನ್ನೊಂದು ಎಲೆಗೆ ಹೋದೆ.

ಎಚ್ಚರಿಸಿದವಳು ಬಳೆಗಾರ್ತಿ. ತೊಡಿಸುತ್ತಿದ್ದ ಕೈ ನಿಲ್ಲಿಸಿ ಕತ್ತು ಹೊರಳಿಸಿದಳು.

“ಯಣ್ಣಾ, ಒಳಗ ಯಾರದೋ ಬಳಿ ಒಂದ ಸಮ ಸಪ್ಪಳ ಮಾಡಾಕತ್ತೈತಿ ನೋಡ್ರಿ. ನಾನು ಇವತ್ತು ತೊಡಿಸಿದ್ದಲ್ಲ ಅದು. ಹಳೇ ಬಳಿ.”

ಬುಟ್ಟಿ ಎಲ್ಲಿಟ್ಟೆನೋ ನೆನಪಿಲ್ಲ. ಒಳಗೆ ಹೋದಾಗ ಅವಳ ಮುಖ ನೀಲಿಗಟ್ಟಿತ್ತು. ಕಣ್ಣು ಆಗಲೂ ಮೂಲೆಯ ಚೌಕದ ಮೇಲೇ ಇತ್ತು. ಆಡಿದ ಮಾತುಗಳು ಪರದೆಯ ಮೇಲ್ಗಡೆ ಒಂದು ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಆ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಹಸಿರು ಬಳೆಗಳಿಂದ ತುಂಬಿತ್ತು.

ಗಂಟಲು ತೆರವು ಮಾಡಿದೆ. ಉಸಿರು ಬಂತು. ಆದರೆ ಉಗುಳು ಎದೆಗೆ ಇಳಿದದ್ದು ಇಳಿದಿತ್ತು. ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ಮಗಳು ಟ್ಯಾಬನ್ನು ಕೈಯಲ್ಲೇ ಎತ್ತಿ ಹಿಡಿದಳು. ನನ್ನ ಹೆಂಡತಿ ಬಹಳ ಕಷ್ಟದಿಂದ ಅಕ್ಷರ ಕೂಡಿಸಿದಳು. ಯಂತ್ರ ಕೇಳಿತು: “ಕೇಳಿಸ್ಲಿಲ್ಲೇನ್ರಿ?”

“ಇಲ್ಲ. ಕೇಳಿಸ್ಲಿಲ್ಲ. ಭಾಳ ಗದ್ಲ ಇತ್ತು” ಎಂದೆ.

ಅವಳು ನನ್ನ ಕಡೆ ಕಣ್ಣು ತಿರುಗಿಸಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಚ್ಚಿದಳು. ಆ ಮುಚ್ಚಿದ್ದು ಬರಿ ದಣಿವೋ, ಬ್ಯಾಡ ಎಂದದ್ದೋ ನನಗೆ ತಿಳಿಯಲಿಲ್ಲ. ಮತ್ತೆ ಅವಳು ಟ್ಯಾಬನ್ನು ನೋಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹೋದಳು.

ಮುತ್ತೈದೆ ಸಾವು ಎಂದು ಹೆಂಗಸರು ಅವಳಿಗೆ ಹೊಸ ಹಸಿರು ಬಳೆ ತೊಡಿಸಿದರು. ನಾನು ಹೊರಗೆ ಕಟ್ಟೆಯ ಮೇಲೆ ಜನರ ನಡುವೆ ಕುಳಿತಿದ್ದೆ. ತೊಡಿಸುವಾಗ ಯಾರೋ ಕೈ ಎತ್ತಿರಬೇಕು. ಸಪ್ಪಳ ಕೇಳಿ ‘ಬಂದೆ’ ಎಂದು ಎದ್ದುಬಿಟ್ಟೆ. ಒಬ್ಬರು ನನ್ನ ತೋಳು ಹಿಡಿದು ಕೂರಿಸಿದರು.

ಎರಡು ತಿಂಗಳಾದ ಮೇಲೆ ಟ್ಯಾಬ್ ತಂದುಕೊಟ್ಟಿದ್ದ ಆ ಹುಡುಗಿ ಫೋನ್ ಮಾಡಿದಳು. ಕಂಪ್ಲಿಯಲ್ಲಿ ಒಬ್ಬರಿಗೆ ಟ್ಯಾಬ್ ಬೇಕಾಗಿದೆ, ಅದೇ ಕಾಯಿಲೆ. ನೀವೇ ಬಂದು ತೋರಿಸಿದರೆ ಮನೆಯವರಿಗೆ ಚೆನ್ನಾಗಿ ತಿಳಿಯುತ್ತದೆ ಎಂದಳು. ಸ್ಟ್ಯಾಂಡನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಕಾಯಿಲೆಯವರು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಅವರ ಹೆಂಡತಿ ಚುರುಕಾದ ಹೆಂಗಸು. ಬೆಳಕು ಹೇಗಿರಬೇಕು, ಸ್ಟ್ಯಾಂಡ್ ಎಷ್ಟು ದೂರ ಇರಬೇಕು ಎಲ್ಲ ತೋರಿಸಿದೆ. ಮೂಲೆಯ ಚೌಕ ನೋಡಿ ಆಕೆ ಕೇಳಿದರು.

“ಇದೇನ್ರಿ ಅಣ್ಣಾರ, ಬಳಿ ಚಿತ್ರ?”

“ಕರಿಯೋದು. ಅದನ್ನ ತಗದು ಬ್ಯಾರೆ ಹಾಕ್ತೀನ್ರಿ.”

“ದೇವರ ಮನಿ ಗಂಟಿ ಸಪ್ಪಳ ಹಾಕ್ರಿ ಹಂಗಾರ. ಚಲೋ ಇರ್ತೈತಿ.”

“ಬ್ಯಾಡ್ರಿ. ಮನಿಯಾಗ ಇರೋ ಯಾವ ಸಪ್ಪಳನೂ ಬ್ಯಾಡ” ಎಂದು ಡಂಪರ್ ಸೈರನ್ ಹಾಕಿ ಕೇಳಿಸಿದೆ. ಆಕೆ ಬೆಚ್ಚಿ ಹಿಂದೆ ಸರಿದು, “ಅಯ್ಯ ಶಿವನ, ಲಾರಿ ಮೈಮ್ಯಾಲ ಬಂದಂಗ ಆತಲ್ರಿ!” ಎಂದು ನಕ್ಕರು. ಗಂಡನ ಕಣ್ಣಲ್ಲೂ ನಗು ಇತ್ತು. ನಾನು ನಗದೆ ಇದ್ದದ್ದನ್ನು ಕಂಡು ಆಕೆ ಮೆಲ್ಲಗೆ ಕೇಳಿದರು.

“ಬಳಿ ಸಪ್ಪಳ ನಿಮಗ ಕೇಳಿಸ್ಲಿಲ್ಲೇನ್ರಿ ಅಣ್ಣಾರ?”

ನಾನು ಬಳೆಯ ಚೌಕವನ್ನು ಅಳಿಸುತ್ತಿದ್ದೆ. ಅಳಿಸಲೇ ಎಂದು ಯಂತ್ರ ಎರಡನೆಯ ಸಲ ಕೇಳುತ್ತಿತ್ತು.

“ಕೇಳಿಸಿತ್ರಿ” ಎಂದೆ. “ಎಲ್ಲಾ ಸಲಾನೂ ಕೇಳಿಸಿತ್ತು.”

ನಾನು ಚೀಲ ಮಡಿಚಿ ಹೊರಡಲು ಎದ್ದೆ. ಮಲಗಿದ್ದವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರ ಕಣ್ಣು ಪರದೆಗೆ ಹೋಯಿತು, ಅಲ್ಲಲ್ಲಿ ತಡವರಿಸಿತು, ಒಂದು ಕಡೆ ನಿಂತಿತು.

“ಕುಂದ್ರಿ” ಎಂದಿತು ಯಂತ್ರ.

ನನ್ನ ಹೆಂಡತಿ ಬೇಕೇ ಬೇಕೆಂದು ಹಾಕಿಸಿಕೊಂಡಿದ್ದ ಚೌಕ ಅದು. ನಾನು ಕುಳಿತೆ.